ಟ್ರೇಲರಿನ ಟೈರು: ಆಯ್ಕೆ ಮತ್ತು ಪಾಲನೆ

(ಹೈದರಾಬಾದಿನ ಉಪ್ಪಲ್‌ನಲ್ಲಿ ಕನ್ನಡ ಬಲ್ಲ ವಾಹನ ಮಾಲೀಕರು ಹಾಗೂ ಚಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಈ ಉಪ್ಪಲ್ ವೃತ್ತದಿಂದ ವಾರಂಗಲ್ಲಿನ ಕಡೆಗೆ ಹೊರಡುವ ರಾಷ್ಟ್ರೀಯ ಹೆದ್ದಾರಿಯ ಇಕ್ಕೆಲದ ಪಂಕ್ಚರ್ ಅಂಗಡಿಗಳಲ್ಲಿ ಕನ್ನಡದ ಮಾತು ಕಿವಿಗೆ ಬೀಳುವುದು ಹೊಸದಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ಗಡಿ ಬದಲಾದರೂ ದುಡಿಮೆಯ ದಾರಿ ಬದಲಾಗಲಿಲ್ಲ. ಬೀದರದಿಂದ ಇಲ್ಲಿಗೆ ಸುಮಾರು 150 ಕಿಲೋಮೀಟರು. ಬೆಳಗಿನ ಜಾವ ಹೊರಟ ಟ್ರೇಲರು ಮಧ್ಯಾಹ್ನದೊಳಗೆ ಇಲ್ಲಿಯ ಕೈಗಾರಿಕಾ ಪ್ರದೇಶದ ಬಾಗಿಲಲ್ಲಿ ನಿಂತಿರುತ್ತದೆ. ಆ ಟ್ರೇಲರು ಯಾವ ಟೈರಿನ ಮೇಲೆ ಬಂದಿತು ಎಂಬುದೇ ಇಂದಿನ ನನ್ನ ವಿಷಯ.

ನಾನು ಮೂವತ್ತು ವರ್ಷ ಟೈರಿನ ಕೆಲಸದಲ್ಲಿಯೇ ಕಳೆದವನು. ಆ ಅವಧಿಯಲ್ಲಿ ಕಂಡುಕೊಂಡ ಒಂದು ಸಂಗತಿಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ಎಳೆಯುವ ವಾಹನದ ಟೈರಿಗೆ ಸಿಗುವ ಗಮನದಲ್ಲಿ ನಾಲ್ಕನೆಯ ಒಂದು ಪಾಲೂ ಎಳೆಸಿಕೊಳ್ಳುವ ಗಾಡಿಯ ಟೈರಿಗೆ ಸಿಗುವುದಿಲ್ಲ. ಟ್ರ್ಯಾಕ್ಟರಿನ ಮುಂದಿನ ಗಾಲಿಯಲ್ಲಿ ಗಾಳಿ ಇಳಿದರೆ ಸ್ಟಿಯರಿಂಗ್ ಚಾಲಕನ ಕೈಗೆ ಕೂಡಲೇ ತಿಳಿಸುತ್ತದೆ. ಹಿಂದಿನ ಟ್ರಾಲಿಯ ಟೈರು ಸಿಡಿದು ಚಿಂದಿಯಾಗಿ ಡಿಸ್ಕು ರಸ್ತೆಗೆ ಉಜ್ಜುವವರೆಗೂ ಅನೇಕ ಸಲ ಚಾಲಕನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅಷ್ಟರಲ್ಲಿ ಟ್ರಾಲಿ ಒಂದು ಕಡೆಗೆ ವಾಲಿರುತ್ತದೆ, ಇಲ್ಲವೇ ಹಿಂದೆ ಬರುವ ಮೋಟಾರ್ ಸೈಕಲ್ ಸವಾರನ ಮುಂದೆ ರಬ್ಬರಿನ ತುಂಡು ಬಿದ್ದಿರುತ್ತದೆ.

ಎರಡನೆಯದಾಗಿ, ಟ್ರೇಲರಿನ ಟೈರು ಓಡಿ ಸವೆಯುವುದಕ್ಕಿಂತ ಹೆಚ್ಚಾಗಿ ನಿಂತು ಕೆಡುತ್ತದೆ. ನಮ್ಮ ಕಡೆಯ ಕಬ್ಬಿನ ಟ್ರಾಲಿಯನ್ನೇ ತೆಗೆದುಕೊಳ್ಳಿ. ಕಾರ್ಖಾನೆ ನುರಿಸುವ ನಾಲ್ಕೈದು ತಿಂಗಳು ಹಗಲಿರುಳೂ ಓಡುತ್ತದೆ. ಉಳಿದ ತಿಂಗಳು ಹೊಲದ ಬದುವಿನಲ್ಲಿ, ಬಿಸಿಲಿನಲ್ಲಿ, ಒಂದೇ ಜಾಗದಲ್ಲಿ ನಿಂತಿರುತ್ತದೆ. ವಿದೇಶಗಳಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಗಳು, ಅಂದರೆ ಹಾಸಿಗೆ, ಅಡಿಗೆಯ ವ್ಯವಸ್ಥೆಯುಳ್ಳ ಪ್ರವಾಸದ ಟ್ರೇಲರುಗಳು, ಬಹಳ ಬಳಕೆಯಲ್ಲಿವೆ. ಅವುಗಳ ಮಾಲೀಕರದೂ ಇದೇ ದೂರು: ಟೈರಿನ ಗೀರು ಹೊಸದರಂತೆಯೇ ಇತ್ತು, ಆದರೂ ಸಿಡಿಯಿತು. ಅಮೆರಿಕದಲ್ಲಿ ಈ ಗಾಡಿಗಳಿಗೆಂದೇ 'ಎಸ್.ಟಿ.' ಎಂಬ ಗುರುತಿನ ಪ್ರತ್ಯೇಕ ಟೈರುಗಳಿವೆ. ಅವುಗಳಲ್ಲಿ ಬಹುಪಾಲಿನ ವೇಗದ ಮಿತಿ ಬಹುಕಾಲ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರು ಮಾತ್ರವಿತ್ತು. ಕಾರು ಎಷ್ಟು ವೇಗವಾಗಿ ಓಡಬಲ್ಲುದು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿಯೂ ಜೀಪು, ಕಾರುಗಳ ಹಿಂದೆ ಇಂತಹ ಗಾಡಿಗಳನ್ನು ಕಟ್ಟಿಕೊಂಡು ಪ್ರವಾಸ ಹೋಗುವವರಿದ್ದಾರೆ. ನಾನು ಹೇಳುವ ಮಾತು ಅವರಿಗೂ ಸಲ್ಲುತ್ತದೆ.

ಈಗ ಆಯ್ಕೆಯ ವಿಚಾರ. ಟೈರಿನ ಪಕ್ಕದ ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಇಂಗ್ಲಿಷ್ ಪಾಂಡಿತ್ಯ ಬೇಡ. ಅಲ್ಲಿ '146/143' ಎಂದಿದೆಯೆನ್ನಿ. ಮೊದಲನೆಯದು ಅಚ್ಚಿನ ತುದಿಯಲ್ಲಿ ಒಂಟಿಯಾಗಿ ಹಾಕಿದಾಗಿನ ಭಾರದ ಸೂಚಕ, ಎರಡನೆಯದು ಜೋಡಿಯಾಗಿ ಹಾಕಿದಾಗಿನದು. 146 ಎಂದರೆ 3,000 ಕಿಲೋಗ್ರಾಂ, 143 ಎಂದರೆ 2,725 ಕಿಲೋಗ್ರಾಂ. ಇದರ ಮುಂದಿನ ಒಂದು ಅಕ್ಷರವು ವೇಗದ ಸೂಚಕ: 'ಜೆ' ಎಂದರೆ ಗಂಟೆಗೆ 100, 'ಕೆ' ಎಂದರೆ 110, 'ಎಫ್' ಎಂದರೆ 80 ಕಿಲೋಮೀಟರು. 'ಎ' ಅಕ್ಷರದ ಜೊತೆಯಲ್ಲಿ 8 ಎಂಬ ಅಂಕಿಯಿದ್ದರೆ 40 ಕಿಲೋಮೀಟರು ಮಾತ್ರ. ಈ ಭಾರ, ಈ ವೇಗ ಎರಡೂ ಸರಿಯಾದ ಗಾಳಿ ಇದ್ದಾಗಿನ ಮಾತೆಂಬುದನ್ನು ಮರೆಯತಕ್ಕದ್ದಲ್ಲ.

ಒಂದು ಲೆಕ್ಕ ಮಾಡೋಣ. ನಾಲ್ಕು ಗಾಲಿಯ ಟ್ರಾಲಿಗೆ 120 ಸೂಚಕದ, ಅಂದರೆ ತಲಾ 1,400 ಕಿಲೋಗ್ರಾಂ ಹೊರುವ ಟೈರುಗಳಿವೆ ಎಂದಿಟ್ಟುಕೊಳ್ಳಿ. ನಾಲ್ಕೂ ಸೇರಿ 5,600. ಇದರಲ್ಲಿ ಖಾಲಿ ಟ್ರಾಲಿಯ ತೂಕ 1,500 ಇದ್ದರೆ ಸರಕಿಗೆ ಉಳಿಯುವುದು 4,100 ಕಿಲೋಗ್ರಾಂ ಮಾತ್ರ. ಅದೂ ಭಾರವು ನಾಲ್ಕೂ ಗಾಲಿಗಳ ಮೇಲೆ ಸಮನಾಗಿ ಬಿದ್ದರೆ. ಹಾಗೆ ಬೀಳುವುದು ಅಪರೂಪ. ನೀರು ಹರಿದುಹೋಗಲೆಂದು ರಸ್ತೆಯ ಅಂಚು ಇಳಿಜಾರಾಗಿರುವುದರಿಂದ, ಎಡಬದಿಯಲ್ಲಿ ಸಾಗುವ ನಮ್ಮ ಗಾಡಿಗಳ ಎಡಗಾಲಿಗಳು ಸ್ವಲ್ಪ ಹೆಚ್ಚೇ ಹೊರುತ್ತವೆ. ವೇಬ್ರಿಡ್ಜಿನಲ್ಲಿ ಇಡೀ ಗಾಡಿಯ ತೂಕವನ್ನಷ್ಟೇ ನೋಡದೆ, ಒಂದೊಂದೇ ಅಚ್ಚನ್ನು ಏರಿಸಿ ಪ್ರತ್ಯೇಕವಾಗಿ ತೂಗಿಸಿ ನೋಡಿರಿ. ಕೆಲವರಿಗೆ ಆ ಚೀಟಿ ನೋಡಿ ಬೆವರು ಬಂದದ್ದನ್ನು ನಾನು ಕಂಡಿದ್ದೇನೆ. ಮಿತಿಮೀರಿದ ಭಾರಕ್ಕೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡವೂ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯೂ ಇದೆ.

ಅಗ್ಗವೆಂದು ಎತ್ತಿನ ಬಂಡಿಯ ಟೈರನ್ನು ಟ್ರಾಲಿಗೆ ಹಾಕುವ ರೂಢಿಯೊಂದಿದೆ. ಅದರ ಮೇಲೆ 'ಎ.ಡಿ.ವಿ.' ಎಂದು ಬರೆದಿರುತ್ತದೆ. ಪ್ರಾಣಿಗಳು ಎಳೆಯುವ ಗಾಡಿಗೆ ಎಂಬುದು ಆ ಮೂರಕ್ಷರದ ಅರ್ಥ. ಎತ್ತಿನ ನಡಿಗೆಗೆಂದು ಮಾಡಿದ ಟೈರನ್ನು ಟ್ರ್ಯಾಕ್ಟರಿನ ಹಿಂದೆ ಹೆದ್ದಾರಿಯಲ್ಲಿ ಓಡಿಸುವವನು ಉಳಿಸಿದ ಹಣ ಯಾರ ಖರ್ಚಿಗೆ ಹೋಗುತ್ತದೆಂದು ಯೋಚಿಸಬೇಕು.

ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಗುರುತನ್ನು ನೋಡಿಯೇ ಕೊಳ್ಳಿರಿ. ವಾಹನಗಳ ಟೈರು ಮತ್ತು ಟ್ಯೂಬುಗಳಿಗೆ ಈ ಗುರುತು 2009ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಕಡ್ಡಾಯವಾಯಿತು. ಲಾರಿ, ಬಸ್ಸು ಮುಂತಾದ ವಾಣಿಜ್ಯ ವಾಹನಗಳ ಟೈರಿನ ಮಾನಕದ ಸಂಖ್ಯೆ 15636, ಟ್ಯೂಬಿನದು 13098. ಬಳಿಕ ಹುಟ್ಟಿದ ದಿನ ನೋಡಿರಿ. ಟೈರಿನ ಒಂದು ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಕೆಲವೊಮ್ಮೆ ಈ ಅಂಕಿ ಒಳಮಗ್ಗುಲಿಗೆ ಬಂದಿರುತ್ತದೆ. ಬಗ್ಗಿ, ಗಾಡಿಯ ಅಡಿಗೆ ಹೋಗಿ ನೋಡಬೇಕು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಿಕೊಳ್ಳಬೇಕೆಂದೂ, ಗೀರು ಉಳಿದಿದ್ದರೂ ಹತ್ತು ವರ್ಷಕ್ಕೆ ಬದಲಾಯಿಸಲೇಬೇಕೆಂದೂ ತಯಾರಕರಲ್ಲಿ ಹಲವರು ಹೇಳುತ್ತಾರೆ. ನಮ್ಮ ಬಿಸಿಲಿನಲ್ಲಿ ಅಷ್ಟು ಕಾಯಬೇಡಿರೆಂದು ನನ್ನ ಸ್ವಂತ ಅಭಿಪ್ರಾಯ. ಗೀರಿನ ಆಳದ ವಿಚಾರದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ, 1989ರ 94ನೆಯ ನಿಯಮವಿದೆ. ದ್ವಿಚಕ್ರ, ತ್ರಿಚಕ್ರಗಳನ್ನು ಬಿಟ್ಟು ಉಳಿದ ವಾಹನಗಳಿಗೆ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ರೀಸೋಲ್ ಮಾಡಿದ ಟೈರನ್ನು ನಾನು ಹಳಿಯುವುದಿಲ್ಲ. ಒಳಗಿನ ಕವಚ ಗಟ್ಟಿಯಿದ್ದರೆ ಟ್ರೇಲರಿಗೆ ಅದು ನಡೆಯುತ್ತದೆ. ಆದರೆ ಆ ಕವಚ ಯಾರ ಗಾಡಿಯಲ್ಲಿ ಎಷ್ಟು ವರ್ಷ ನಲುಗಿದ್ದೆಂದು ತಿಳಿಯದೆ ಕೊಳ್ಳಬೇಡಿರಿ.

ಇನ್ನು ಗಾಳಿ. ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಬಿಸಿಲಿಗೆ ಉಬ್ಬಿ ಸಿಡಿಯುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬೇರೂರಿದೆ. ನನ್ನ ತಂದೆಯವರೂ ಹಾಗೆಯೇ ನಂಬಿದ್ದರು. ಲೆಕ್ಕ ನೋಡಿರಿ: 100 ಪೌಂಡು ಗಾಳಿಯಿರುವ ಟೈರಿನ ಶಾಖ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಏರುವುದು ಸುಮಾರು ನಾಲ್ಕು ಪೌಂಡು. ಇಷ್ಟು ಏರಿಕೆ ಬರುತ್ತದೆಂದು ತಿಳಿದೇ ತಯಾರಕರು ಟೈರನ್ನು ಕಟ್ಟಿರುತ್ತಾರೆ. ಆದರೆ ಇಪ್ಪತ್ತು ಪೌಂಡು ಕಡಿಮೆ ಇಟ್ಟಾಗ ಏನಾಗುತ್ತದೆ? ಗಾಲಿಯ ಪ್ರತಿಯೊಂದು ಸುತ್ತಿನಲ್ಲೂ ಪಕ್ಕದ ಗೋಡೆ ಹೆಚ್ಚು ಮಡಚಿ ಹೆಚ್ಚು ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಬಿಸಿಯಾಗಿ ಮುರಿಯುವುದಿಲ್ಲವೇ, ಹಾಗೆ. ಆ ಬಿಸಿಗೆ ಒಳಪದರಗಳ ಬೆಸುಗೆ ಬಿಡುತ್ತದೆ. ಬೇಸಿಗೆಯಲ್ಲಿ ಸಿಡಿದ ಟೈರುಗಳಿಗೆ ಬಿಸಿಲು ಕಾರಣವೆಂದು ನಾವು ಹೇಳುತ್ತೇವೆ. ನಾನು ಬಿಚ್ಚಿ ನೋಡಿದ ಬಹಳಷ್ಟು ಟೈರುಗಳ ಒಳಗೋಡೆಯಲ್ಲಿ ಗಾಳಿ ಕಡಿಮೆಯಾಗಿ ಓಡಿದ ಕಪ್ಪು ಸುಕ್ಕಿನ ಪಟ್ಟಿ ಇದ್ದೇ ಇತ್ತು.

ಆದುದರಿಂದ ಗಾಳಿಯನ್ನು ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಗೇಜಿನಿಂದ ಅಳೆಯಿರಿ. ದಾರಿಯಲ್ಲಿ ಬಿಸಿಯಾದ ಟೈರಿನಿಂದ ಗಾಳಿ ಬಿಡಬೇಡಿರಿ. ಜ್ಯಾಕಿನ ಸಲಾಕೆಯಿಂದ ಟೈರಿಗೆ ಬಡಿದು ಸದ್ದು ಕೇಳುವ ಪದ್ಧತಿ ಪೂರ್ಣ ಇಳಿದ ಟೈರನ್ನು ತೋರಿಸಬಲ್ಲುದೇ ಹೊರತು, 80 ಪೌಂಡಿಗೂ 100 ಪೌಂಡಿಗೂ ಇರುವ ವ್ಯತ್ಯಾಸವನ್ನು ಯಾವ ಉಸ್ತಾದನ ಕಿವಿಯೂ ಹೇಳಲಾರದು. ಜೋಡಿ ಟೈರುಗಳಲ್ಲಿ ಒಂದರ ಗಾಳಿ ಇಳಿದರೆ ಇನ್ನೊಂದು ಸದ್ದಿಲ್ಲದೆ ಇಬ್ಬರ ಭಾರ ಹೊರುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಂದು ಗಂಟೆ ಓಡಿಸಿ ಚಹಕ್ಕೆ ನಿಂತಾಗ ಪ್ರತಿ ಟೈರಿನ, ಪ್ರತಿ ಗಾಲಿಯ ಗುಂಬದ ಹತ್ತಿರ ಅಂಗೈಯ ಹಿಂಬದಿ ಒಯ್ದು ನೋಡಿರಿ. ಉಳಿದವುಗಳಿಗಿಂತ ಬಿಸಿಯಾದದ್ದು ಟೈರಾದರೆ ಗಾಳಿಯ ದೋಷ, ಗುಂಬವಾದರೆ ಬೇರಿಂಗಿನ ಇಲ್ಲವೇ ಬ್ರೇಕಿನ ದೋಷ ಇರಬಹುದು.

ಈಗ ಒಂದು ಘಟನೆ. ಇದನ್ನು ಹೇಳಲು ನನಗೆ ಸಂತೋಷವಿಲ್ಲ. ನಾನು ಹರೆಯದವನಿದ್ದಾಗ, ಇದೇ ರಸ್ತೆಯ ಒಂದು ಪಂಕ್ಚರ್ ಅಂಗಡಿಯಲ್ಲಿ ಬೀದರ ಜಿಲ್ಲೆಯ ಹುಡುಗನೊಬ್ಬ ನನ್ನ ಗಾಡಿಯ 20 ಇಂಚಿನ ಗಾಲಿಗೆ ಗಾಳಿ ತುಂಬುತ್ತಿದ್ದ. ಟ್ಯೂಬಿರುವ ಅಂಥ ಗಾಲಿಗಳಲ್ಲಿ ಟೈರನ್ನು ಹಿಡಿದಿಡಲು ಉಕ್ಕಿನ ಲಾಕ್ ರಿಂಗು ಇರುತ್ತದೆ. ರಿಂಗಿನ ತುದಿ ಸರಿಯಾಗಿ ಕೂತಿರಲಿಲ್ಲ. "ಅಣ್ಣಾ, ಗಾಳಿ ಬಿಟ್ಟು ಮತ್ತೊಮ್ಮೆ ಕೂರಿಸಲೇನು?" ಎಂದು ಅವನು ಕೇಳಿದ. "ಹೊತ್ತಾಯಿತು ತಮ್ಮಾ, ಸುತ್ತಿಗೆಯಿಂದ ಎರಡು ಹೊಡಿ, ಕೂತುಕೊಳ್ಳುತ್ತದೆ" ಎಂದವನು ನಾನು. ಎರಡನೆಯ ಏಟಿಗೆ ರಿಂಗು ಹಾರಿ ತಗಡಿನ ಮಾಡನ್ನು ಸೀಳಿಕೊಂಡು ಹೋಯಿತು. ಹುಡುಗನ ಜೀವ ಉಳಿಯಿತು, ಬಲಗಣ್ಣು ಉಳಿಯಲಿಲ್ಲ. ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು, ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಅವನ ತಾಯಿಯ ಎದುರು ನಿಂತಾಗ ಅದನ್ನೇ ಹೇಳಿದೆ. ಆಕೆ ನನ್ನನ್ನು ಬಯ್ಯಲೂ ಇಲ್ಲ.

ಅಂದಿನಿಂದ ನಾನು ಕೇಳುವ ಪ್ರತಿಯೊಬ್ಬರಿಗೂ ಹೇಳುತ್ತ ಬಂದಿದ್ದೇನೆ: ಲಾಕ್ ರಿಂಗಿನ ಗಾಲಿಯನ್ನು ಬಿಚ್ಚುವ ಮೊದಲು ವಾಲ್ವಿನ ಒಳಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು; ಜೋಡಿಯಿದ್ದರೆ ಎರಡರದ್ದೂ. ತುಂಬುವಾಗ ಗಾಲಿಯನ್ನು ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದನೆಯ ಪೈಪಿನಿಂದ ದೂರ ನಿಂತು ತುಂಬಬೇಕು. ಗಾಳಿ ಇರುವಾಗ ರಿಂಗಿಗೆ ಸುತ್ತಿಗೆ ಮುಟ್ಟಿಸಲೇಕೂಡದು. ಗಾಳಿಯಿಲ್ಲದೆ ಓಡಿಸಿದ ಟೈರಿಗೆ ಗಾಡಿಯ ಮೇಲಿರುವಾಗಲೇ ಮತ್ತೆ ಗಾಳಿ ತುಂಬಬೇಡಿರಿ. ಬಿಚ್ಚಿ, ಒಳಗೆ ನೋಡಿ ನಂತರ ತೀರ್ಮಾನಿಸಿರಿ. ಪಂಜರವಿಲ್ಲದ ಅಂಗಡಿಗೆ ಗಿರಾಕಿಗಳು ಹೋಗದಿದ್ದರೆ ಪಂಜರ ತಾನಾಗಿ ಬರುತ್ತದೆ.

ಹಂಗಾಮು ಮುಗಿದ ಮೇಲೆ ಗಾಡಿಯನ್ನು ಹೇಗೆ ನಿಲ್ಲಿಸುವಿರಿ ಎಂಬುದು ಮುಂದಿನ ಮಾತು. ಭಾರ ಇಳಿಸಿ, ಅಚ್ಚಿನಡಿ ಮರದ ದಿಮ್ಮಿ ಕೊಟ್ಟು ಗಾಲಿಗಳನ್ನು ನೆಲದಿಂದ ಎತ್ತಿಡಿರಿ. ಆಗದಿದ್ದರೆ ಗಾಳಿಯನ್ನು ಪೂರ್ತಿ ಇಟ್ಟು, ತಿಂಗಳಿಗೊಮ್ಮೆ ಗಾಡಿಯನ್ನು ಕೊಂಚ ಸರಿಸಿ ನಿಲ್ಲಿಸಿರಿ. ಟೈರುಗಳ ಮೇಲೆ ಗೋಣಿತಟ್ಟು ಇಲ್ಲವೇ ತಾಡಪತ್ರಿ ಹೊದಿಸಿರಿ. ಎಣ್ಣೆ, ಡೀಸೆಲ್ ತಗಲದಿರಲಿ. ಉಪ್ಪಲ್‌ನ ಶೆಡ್ಡುಗಳಲ್ಲಿ ಗಾಡಿ ನಿಲ್ಲಿಸುವವರು ಇನ್ನೊಂದನ್ನು ಗಮನಿಸಬೇಕು: ವೆಲ್ಡಿಂಗ್ ಯಂತ್ರ, ವಿದ್ಯುತ್ ಮೋಟಾರುಗಳ ಕಿಡಿಯಿಂದ ಓಝೋನ್ ಎಂಬ ಅನಿಲ ಹುಟ್ಟುತ್ತದೆ. ಅದು ರಬ್ಬರನ್ನು ಬಿರುಕು ಬಿಡಿಸುತ್ತದೆ. ಮತ್ತೆ ಹೊರಡುವ ದಿನ ಪಕ್ಕದ ಗೋಡೆಯ ಬಿರುಕುಗಳನ್ನು ಉಗುರಿನಿಂದ ಅಗಲಿಸಿ ನೋಡಿರಿ. ಒಳಗಿನ ನೂಲು ಕಂಡರೆ ಆ ಟೈರಿನ ಕೆಲಸ ಮುಗಿಯಿತು. ಸ್ಟೆಪ್ನಿಯನ್ನೂ ಇದೇ ಕಣ್ಣಿನಿಂದ ನೋಡಿರಿ. ಎಲ್ಲಕ್ಕಿಂತ ಹಳೆಯದು ಅದೇ ಆಗಿರುತ್ತದೆ. ಗಾಲಿ ಬದಲಿಸಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಐವತ್ತರಿಂದ ನೂರು ಕಿಲೋಮೀಟರು ಓಡಿದ ಬಳಿಕ ಮತ್ತೊಮ್ಮೆ ಬಿಗಿಯಿರಿ.

ಓಡುವಾಗ ಟ್ರೇಲರಿನ ಟೈರು ಸಿಡಿದರೆ ಬ್ರೇಕನ್ನು ಗಕ್ಕನೆ ತುಳಿಯಬೇಡಿರಿ. ಹಿಂದಿನ ಭಾರ ಮುಂದಿನ ಗಾಡಿಯನ್ನು ಅಡ್ಡಕ್ಕೆ ತಳ್ಳುತ್ತದೆ. ಸ್ಟಿಯರಿಂಗನ್ನು ನೇರ ಹಿಡಿದು, ವೇಗವನ್ನು ತಾನಾಗಿ ಇಳಿಯಗೊಟ್ಟು ಎಡಕ್ಕೆ, ರಸ್ತೆಯ ಹೊರಗೆ ನಿಲ್ಲಿಸಿರಿ. ರಾತ್ರಿಯಾದರೆ ಹಿಂದೆ ತ್ರಿಕೋನದ ಎಚ್ಚರಿಕೆ ಫಲಕ ಇಡದೆ ಜ್ಯಾಕಿಗೆ ಕೈ ಹಾಕಬೇಡಿರಿ. ಸರಕಿನ ಟ್ರಾಲಿಯಲ್ಲಿ ಜಾತ್ರೆಗೋ ಮದುವೆಗೋ ಜನರನ್ನು ಕೂರಿಸಿಕೊಂಡು ಹೋಗಲು ಕಾನೂನು ಒಪ್ಪುವುದಿಲ್ಲವೆಂದು ನಿಮಗೆಲ್ಲ ಗೊತ್ತು. ಯಾದಗಿರಿಗುಟ್ಟದ ದಾರಿಯಲ್ಲಿ ಅಂಥ ಟ್ರಾಲಿ ಕಂಡಾಗ ನನ್ನ ಕಣ್ಣು ಮೊದಲು ಅದರ ಟೈರಿನ ಮೇಲೆಯೇ ಹೋಗುತ್ತದೆ, ಆಮೇಲೆ ಅದರೊಳಗಿನ ಮಕ್ಕಳ ಮೇಲೆ.

ಹೊರಗೆ ಬೇವಿನ ಮರದ ಕೆಳಗೆ ನಿಮ್ಮಲ್ಲೊಬ್ಬರ ಟ್ರಾಲಿ ನಿಂತಿದೆ, ಬೆಳಗಿನಿಂದ ಓಡಿಲ್ಲವೆಂದು ಹೇಳಿದರು. ಟೈರು ತಣ್ಣಗಿದೆ. ನನ್ನ ಚೀಲದಲ್ಲಿ ಎರಡು ಗೇಜುಗಳಿವೆ. ಅಧ್ಯಕ್ಷರ ಅಪ್ಪಣೆಯಾದರೆ ಎಲ್ಲರೂ ಅಲ್ಲಿಗೆ ಹೋಗಿ ನಾಲ್ಕೂ ಗಾಲಿಗಳ ಗಾಳಿಯನ್ನು ಅಳೆದು, ತಯಾರಾದ ವಾರವನ್ನು ಓದಿ ನೋಡೋಣ.