ನೀರು ಎಂಬ ಬೂದಿ

ಮಕ್ಕಳೇ, ಮಂಗಳೂರಿನ ಪಣಂಬೂರು ಕಡಲ ದಂಡೆಯಲ್ಲಿ ಒಮ್ಮೆ ನಿಂತು ನೋಡಿ. ಕಣ್ಣು ಹಾಯುವವರೆಗೂ ನೀರು. ಆ ನೀರಿನ ಒಂದೊಂದು ಅಣುವಿನಲ್ಲೂ ಎರಡು ಜಲಜನಕ ಪರಮಾಣು, ಒಂದು ಆಮ್ಲಜನಕ ಪರಮಾಣು. ಜಲಜನಕವೋ, ಬಲು ಜೋರಾಗಿ ಉರಿಯುವ ಅನಿಲ. ಚಂದ್ರಯಾನ-3 ಅನ್ನು ಹೊತ್ತೊಯ್ದ ರಾಕೆಟ್ಟಿನ ಮೇಲಿನ ಹಂತದಲ್ಲಿ ಉರಿದದ್ದು ಇದೇ. ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣಿಸಿ, ದ್ರವವಾಗಿಸಿ ಅದನ್ನು ತುಂಬಿದ್ದರು. ಅಷ್ಟೊಂದು ಇಂಧನ ಅಲೆಯಾಗಿ ಬಂದು ನಮ್ಮ ಕಾಲು ತೊಳೆದು ಹೋಗುತ್ತಿರುವಾಗ ಪೆಟ್ರೋಲ್ ಬಂಕಿನ ಮುಂದೆ ಸಾಲು ನಿಲ್ಲುವುದೇಕೆ?

ಒಳ್ಳೆಯ ಪ್ರಶ್ನೆ. ಉತ್ತರವನ್ನು ಕಡಲಿನಿಂದಲ್ಲ, ಒಲೆಯಿಂದ ಶುರುಮಾಡೋಣ.

ಸೌದೆ ಉರಿಯುತ್ತದೆ, ಬಿಸಿ ಕೊಡುತ್ತದೆ, ಕೊನೆಗೆ ಬೂದಿ ಉಳಿಯುತ್ತದೆ. ಆ ಬೂದಿಗೆ ಮತ್ತೆ ಕಡ್ಡಿ ಗೀರಲು ಯಾರೂ ಹೋಗುವುದಿಲ್ಲ. ಈಗ ಜಲಜನಕವನ್ನು ಉರಿಸಿ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಸೇರಿಕೊಳ್ಳುತ್ತದೆ, ಬಿಸಿ ಕೊಡುತ್ತದೆ, ಕೊನೆಗೆ ಉಳಿಯುವುದು ನೀರು. 1780ರ ದಶಕದಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಇದನ್ನು ಮಾಡಿ ತೋರಿಸಿದರು. ಫ್ರಾನ್ಸಿನ ಲಾವೋಸಿಯೆ ಈ ಅನಿಲಕ್ಕೆ 'ನೀರನ್ನು ಹುಟ್ಟಿಸುವುದು' ಎಂಬ ಅರ್ಥದ ಗ್ರೀಕ್ ಹೆಸರಿಟ್ಟರು. ನಮ್ಮ 'ಜಲಜನಕ' ಅದೇ ಅರ್ಥವನ್ನು ಇನ್ನೂ ಮುದ್ದಾಗಿ ಹೇಳುತ್ತದೆ: ನೀರಿನ ಅಪ್ಪ.

ಅಂದರೆ ಕಡಲು ಇಂಧನದ ತೊಟ್ಟಿಯಲ್ಲ. ಎಂದೋ ಉರಿದು ಮುಗಿದ ಜಲಜನಕದ ಬೂದಿ ಅಲ್ಲಿ ಅಲೆಯಾಡುತ್ತಿದೆ.

ಈ ಬೂದಿಗೆ ಸೌದೆಯ ಬೂದಿಗಿಲ್ಲದ ಒಂದು ಗುಣವಿದೆ. ಕರೆಂಟು ಹಾಯಿಸಿದರೆ ಇದು ಮತ್ತೆ ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. 1800ರಲ್ಲಿ ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬ ಗೆಳೆಯರು, ಆಗಷ್ಟೇ ಹೊಸದಾಗಿ ಬಂದಿದ್ದ ವೋಲ್ಟಾ ಬ್ಯಾಟರಿಯಿಂದ ಇದನ್ನು ಸಾಧಿಸಿದರು. ಆದರೆ ಲೆಕ್ಕ ನೋಡಿ. ಒಂದು ಕಿಲೋ ಜಲಜನಕ ಬಿಡಿಸಲು ಎಷ್ಟೇ ಜಾಣತನದ ಯಂತ್ರವಾದರೂ ಕನಿಷ್ಠ 39 ಯೂನಿಟ್ ಶಕ್ತಿ ಬೇಕು. ಇಂದಿನ ಯಂತ್ರಗಳಿಗೆ 50 ಯೂನಿಟ್ಟಿಗೂ ಹೆಚ್ಚು ಬೇಕಾಗುತ್ತದೆ. ಆ ಜಲಜನಕ ಉರಿದಾಗ ಮರಳಿ ಸಿಗುವುದು ಹೆಚ್ಚೆಂದರೆ ಅದೇ 39. ಬಾವಿಯಿಂದ ಕೊಡ ಮೇಲೆತ್ತಲು ಎಷ್ಟು ಕಷ್ಟಪಟ್ಟಿರೋ, ಕೊಡ ಕೆಳಗೆ ಬೀಳುವಾಗ ಅದಕ್ಕಿಂತ ಹೆಚ್ಚಿನ ಶಕ್ತಿ ಸಿಗುವುದಿಲ್ಲವಲ್ಲ, ಹಾಗೆ. 'ನೀರಿನಿಂದಲೇ ಓಡುವ ಕಾರು' ಎಂದು ಯಾರಾದರೂ ವಿಡಿಯೋ ತೋರಿಸಿದರೆ, ಕೊಡವನ್ನು ಮೇಲೆತ್ತಿದವರು ಯಾರು ಎಂದು ಕೇಳಿ.

2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದ ಒಂದು ಸಂಗತಿ ನನಗೆ ತುಂಬ ಇಷ್ಟ. ಜಾನ್ ಕಾನ್ಝಿಯಸ್ ಎಂಬುವರಿಗೆ ರಕ್ತದ ಕ್ಯಾನ್ಸರ್ ಇತ್ತು. ರೇಡಿಯೋ ಕೆಲಸ ಬಲ್ಲ ಅವರು, ರೇಡಿಯೋ ಅಲೆಗಳಿಂದ ಕ್ಯಾನ್ಸರ್ ಕೋಶಗಳನ್ನು ಸುಡುವ ಯಂತ್ರವೊಂದನ್ನು ತಾವೇ ಕಟ್ಟಿದರು. ಅದರ ಮುಂದೆ ಉಪ್ಪುನೀರಿನ ಗಾಜಿನ ಕೊಳವೆ ಇಟ್ಟು ಕಡ್ಡಿ ಗೀರಿದಾಗ ನೀರಿನ ಬಾಯಲ್ಲಿ ಜ್ವಾಲೆ ಎದ್ದಿತು! ಜಗತ್ತೆಲ್ಲ ಸುದ್ದಿ. ನಮ್ಮ ರಾಂಚಿಯಲ್ಲಿ ಹುಟ್ಟಿ, ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ವಸ್ತುವಿಜ್ಞಾನಿಯಾಗಿದ್ದ ರಸ್ಟಮ್ ರಾಯ್ ಅದನ್ನು ಪರೀಕ್ಷಿಸಿ, ಉರಿ ನಿಜವೇ ಎಂದರು. ನಿಜವೇ ಹೌದು. ಆದರೆ ರೇಡಿಯೋ ಯಂತ್ರ ನುಂಗುತ್ತಿದ್ದ ಶಕ್ತಿಯ ಮುಂದೆ ಜ್ವಾಲೆ ಕೊಡುತ್ತಿದ್ದ ಶಕ್ತಿ ಕಡಿಮೆ. ಉರಿ ಸುಳ್ಳಲ್ಲ, ನೀರೇ ಇಂಧನವೆಂದು ಕೆಲವರು ಎಣಿಸಿದ್ದು ತಪ್ಪು.

ನೀರು ಒಡೆಯುವುದನ್ನು ನೀವೂ ನೋಡಬಹುದು. ದೊಡ್ಡವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ, ಕಿಟಕಿ ತೆರೆದಿಡಿ. ಎರಡು ಪೆನ್ಸಿಲ್‌ಗಳನ್ನು ಎರಡೂ ತುದಿಗೆ ಚೂಪು ಮಾಡಿ, ಒಂದು ಚಮಚ ಅಡುಗೆ ಸೋಡಾ ಕಲಸಿದ ನೀರಿನ ಲೋಟದಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ಮೇಲಿನ ತುದಿಗಳಿಗೆ 9 ವೋಲ್ಟಿನ ಬ್ಯಾಟರಿ ಜೋಡಿಸಿ. ಮನೆಯ ಗೋಡೆಯ ಕರೆಂಟು ಮಾತ್ರ ಬೇಡವೇ ಬೇಡ, ಅದು ಜೀವಕ್ಕೆ ಅಪಾಯ. ಸ್ವಲ್ಪ ಹೊತ್ತಿಗೆ ಎರಡೂ ಸೀಸದ ಮೊನೆಯಲ್ಲಿ ಗುಳ್ಳೆ ಮೂಡುತ್ತವೆ. ಋಣ ತುದಿಯಲ್ಲಿ ಹೆಚ್ಚು, ಅದು ಜಲಜನಕ. ಧನ ತುದಿಯಲ್ಲಿ ಕಡಿಮೆ, ಅದು ಆಮ್ಲಜನಕ.

ಸೋಡಾದ ಬದಲು ಉಪ್ಪು ಹಾಕಿದರೆ? ಬೇಡ, ನಾನೇ ಹೇಳಿಬಿಡುತ್ತೇನೆ. ಧನ ತುದಿಯಿಂದ ಬ್ಲೀಚಿಂಗ್ ಪುಡಿಯ ಘಾಟು ಬರುತ್ತದೆ. ಅದು ಕ್ಲೋರಿನ್, ಉಸಿರಿಗೆ ಒಳ್ಳೆಯದಲ್ಲ. ಕಡಲ ನೀರಿನ ತೊಡಕು ಇರುವುದೇ ಇಲ್ಲಿ.

ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಕರೆಂಟು ಹಾಯಿಸಿದಾಗ ಆಮ್ಲಜನಕ ಏಳಬೇಕಾದ ಕಡೆ ಕ್ಲೋರಿನ್ ನುಗ್ಗುತ್ತದೆ, ಲೋಹದ ಪಟ್ಟಿಯನ್ನು ತಿಂದುಹಾಕುತ್ತದೆ. ಇನ್ನೊಂದು ಕಡೆ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ, ಬಿಸಿನೀರಿನ ಹಂಡೆಯ ತಳದ ಕಿಟ್ಟದಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಕ್ಲೋರಿನ್ನೇ ಬೇಕೆನ್ನುವವರಿಗೆ ಇದು ವರವೂ ಹೌದು. ಉಪ್ಪುನೀರಿಗೆ ಕರೆಂಟು ಕೊಟ್ಟು ಕಾಸ್ಟಿಕ್ ಸೋಡಾ, ಕ್ಲೋರಿನ್ ತಯಾರಿಸುವ ಕಾರ್ಖಾನೆ ಕಾರವಾರದ ಬಿಣಗಾದಲ್ಲಿದೆ. ಇಂಥ ಕಾರ್ಖಾನೆಗಳಲ್ಲಿ ಜಲಜನಕ ಉಪ ಉತ್ಪನ್ನವಾಗಿ ತಾನಾಗಿಯೇ ಹೊರಬರುತ್ತದೆ. ಆದರೆ ಜಗತ್ತಿಗೆ ಬೇಕಾದ ಜಲಜನಕವನ್ನೆಲ್ಲ ಹೀಗೆ ಮಾಡಹೊರಟರೆ ಬೆಟ್ಟದಷ್ಟು ಕ್ಲೋರಿನ್ನನ್ನು ಎಲ್ಲಿಡುವುದು?

ವಿಜ್ಞಾನಿಗಳು ಸುಮ್ಮನೆ ಕೂತಿಲ್ಲ. 2019ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಂಗ್‌ಜೀ ದಾಯ್ ತಂಡ, ಧನ ತುದಿಯ ಲೋಹಕ್ಕೆ, ಉಪ್ಪಿನಲ್ಲಿರುವ ಕ್ಲೋರೈಡನ್ನು ದೂರ ತಳ್ಳುವ ಪದರಗಳನ್ನು ಹೊದಿಸಿತು. ಹೊದಿಕೆ ಇಲ್ಲದಿದ್ದರೆ 12 ತಾಸಿಗೆ ಹಾಳಾಗುತ್ತಿದ್ದದ್ದು 1,000 ತಾಸಿಗಿಂತ ಹೆಚ್ಚು ಬಾಳಿತು. 2022ರಲ್ಲಿ ಚೀನಾದ ಷೆನ್‌ಜೆನ್‌ನಲ್ಲಿ ಶೀ ಹೆಪಿಂಗ್ ತಂಡ ಮಾಡಿದ ಉಪಾಯವಂತೂ ಅಡುಗೆಮನೆಯಲ್ಲೇ ಅರ್ಥವಾಗುವಂಥದ್ದು. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ಸಡಿಲವಿದ್ದರೆ ಉಪ್ಪು ನೀರೊಡೆಯುತ್ತದೆ, ಅಲ್ಲವೇ? ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ. ಅವರು ಕಡಲ ನೀರಿಗೂ ಒಂದು ಗಾಢ ಕ್ಷಾರದ ದ್ರಾವಣಕ್ಕೂ ನಡುವೆ ತೆಳ್ಳನೆಯ ಪೊರೆ ಇಟ್ಟರು. ಪೊರೆಯ ಕಿಂಡಿಗಳಲ್ಲಿ ಆವಿ ಮಾತ್ರ ನುಸುಳುತ್ತದೆ, ನೀರು ಮತ್ತು ಉಪ್ಪು ಆಚೆಯೇ ಉಳಿಯುತ್ತವೆ. ಕ್ಷಾರ ಆವಿಯನ್ನು ಎಳೆದುಕೊಂಡು ಮತ್ತೆ ನೀರಾಗಿಸುತ್ತದೆ, ಕರೆಂಟು ಆ ಶುದ್ಧ ನೀರನ್ನು ಒಡೆಯುತ್ತದೆ. ಈ ಯಂತ್ರ 3,200 ತಾಸು, ಅಂದರೆ ನಾಲ್ಕು ತಿಂಗಳ ಮೇಲೆ ನಡೆಯಿತು.

ಇಷ್ಟು ಸೊಗಸಾದ ಕೆಲಸ ಓದಿದಾಗ ಮನಸ್ಸು ಅರಳುತ್ತದೆ. ಆದರೂ ಲೆಕ್ಕ ಹಾಕಿದಾಗ ಹಳೆಯ ದಾರಿಯೇ ಸದ್ಯಕ್ಕೆ ವಾಸಿ ಎನಿಸುತ್ತದೆ: ಮೊದಲು ಉಪ್ಪು ಬೇರ್ಪಡಿಸಿ, ಆಮೇಲೆ ಸಿಹಿನೀರನ್ನು ಒಡೆಯುವುದು. ಕಡಲ ನೀರನ್ನು ಒತ್ತಡದಲ್ಲಿ ಪೊರೆಯ ಮೂಲಕ ಹಾಯಿಸಿ 1,000 ಲೀಟರ್ ಸಿಹಿನೀರು ಪಡೆಯಲು 3-4 ಯೂನಿಟ್ ಸಾಕು. ಒಂದು ಕಿಲೋ ಜಲಜನಕಕ್ಕೆ ಬೇಕಾದದ್ದು ಸುಮಾರು 9 ಲೀಟರ್ ಶುದ್ಧ ನೀರು. ಅಷ್ಟು ನೀರಿನ ಉಪ್ಪು ತೆಗೆಯುವ ಕರೆಂಟಿನಲ್ಲಿ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಮೂರು-ನಾಲ್ಕು ತಾಸು ಉರಿದೀತು. ಆ ನೀರನ್ನು ಒಡೆಯುವ 50 ಯೂನಿಟ್ಟಿನಲ್ಲಿ ಅದೇ ಬಲ್ಬು ಹಗಲೂ ರಾತ್ರಿ ಏಳು ತಿಂಗಳ ಮೇಲೆ ಉರಿಯುತ್ತದೆ! ಉಪ್ಪು ಕಾಟ ಕೊಡುವುದು ನಿಜ, ಆದರೆ ಖರ್ಚೆಲ್ಲ ಇರುವುದು ಒಡೆಯುವುದರಲ್ಲಿ. 2023ರಲ್ಲಿ ಫ್ರಾನ್ಸಿನ ಕರಾವಳಿಯಾಚೆ 20 ಕಿಲೋಮೀಟರ್ ದೂರ, ತೇಲುವ ಗಾಳಿಯಂತ್ರದ ಪಕ್ಕದ ವೇದಿಕೆಯೊಂದರಲ್ಲಿ ಜಲಜನಕ ತಯಾರಿಸಿದವರೂ ಇದನ್ನೇ ಮಾಡಿದರು: ಕಡಲ ನೀರು ಎತ್ತಿ, ಉಪ್ಪು ತೆಗೆದು, ಆಮೇಲೆ ಒಡೆದರು.

ಇಷ್ಟು ಖರ್ಚು ಮಾಡಿ ಪಡೆದ ಜಲಜನಕವನ್ನು ಸ್ಕೂಟರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. 50 ಯೂನಿಟ್ ಕೊಟ್ಟರೆ ಚಕ್ರಕ್ಕೆ ತಲುಪುವುದು ಸುಮಾರು ಮೂರನೇ ಒಂದು ಪಾಲು. ಅದೇ ಕರೆಂಟನ್ನು ಬ್ಯಾಟರಿಗೆ ತುಂಬಿದರೆ ಬಹುಪಾಲು ಉಳಿಯುತ್ತದೆ. ಜಲಜನಕವೇ ಬೇಕೆನ್ನುವ ಜಾಗಗಳು ಬೇರೆ ಇವೆ. ಪಣಂಬೂರಿನಲ್ಲೇ ಯೂರಿಯಾ ಕಾರ್ಖಾನೆ ಇದೆ. ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಜಲಜನಕ ಬೇಕು. ಆ ಜಲಜನಕ ಸಿಗುವುದು ನೈಸರ್ಗಿಕ ಅನಿಲದಿಂದ. ಅನಿಲ ಬರಲೆಂದು ಕೊಚ್ಚಿಯಿಂದ ಮಂಗಳೂರಿನವರೆಗೆ ಸುಮಾರು 450 ಕಿಲೋಮೀಟರ್ ಕೊಳವೆ ಹಾಸಿ, 2021ರ ಜನವರಿಯಲ್ಲಿ ಉದ್ಘಾಟಿಸಿದರು. ಹೀಗೆ ಅನಿಲದಿಂದ ಒಂದು ಕಿಲೋ ಜಲಜನಕ ಮಾಡಿದರೆ ಒಂಬತ್ತು-ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೊಲಕ್ಕೆ ಎರಚುವ ಒಂದೊಂದು ಬೊಗಸೆ ಯೂರಿಯಾದ ಹಿಂದೆಯೂ ಆ ಹೊಗೆ ಇದೆ. ಬಿಸಿಲು, ಗಾಳಿಯ ಕರೆಂಟಿನಿಂದ ನೀರು ಒಡೆದು ಪಡೆದ ಜಲಜನಕ ಮೊದಲು ಹೋಗಬೇಕಾದದ್ದು ಇಂಥ ಕಾರ್ಖಾನೆಗೆ. ಹತ್ತಿರದ ತಣ್ಣೀರುಬಾವಿಯಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಘಟಕ ಈಗಾಗಲೇ ಇದೆ. ಕಡಲು, ಸಿಹಿನೀರು, ಜಲಜನಕ ಬೇಡುವ ಕಾರ್ಖಾನೆ ಎಲ್ಲವೂ ಒಂದೇ ಕರಾವಳಿಯಲ್ಲಿವೆ. ಕೊರತೆ ಇರುವುದು ಅಗ್ಗದ, ಹೊಗೆಯಿಲ್ಲದ ಕರೆಂಟಿನದು.

ಕೊನೆಗೆ ಒಂದು ಲೆಕ್ಕ ನಿಮಗೆ. ಶಾಲೆಯ ಮಾಡಿನ ಮೇಲೆ 1 ಕಿಲೋವ್ಯಾಟಿನ ಸೌರಫಲಕ ಇದೆ ಎಂದುಕೊಳ್ಳಿ. ಒಳ್ಳೆಯ ಬಿಸಿಲಿನ ದಿನ ಅದು ಸುಮಾರು 4 ಯೂನಿಟ್ ಕೊಡುತ್ತದೆ. ಒಂದು ಕಿಲೋ ಜಲಜನಕಕ್ಕೆ, ಉಪ್ಪು ತೆಗೆಯುವಾಗ ಬಿಟ್ಟುಹೋಗುವ ನೀರೂ ಸೇರಿ, ಕಡಲಿನಿಂದ ತರಬೇಕಾದ ನೀರು ಎರಡು ಕೊಡ. ಕಾಯಬೇಕಾದ ದಿನಗಳು ಹನ್ನೆರಡೋ ಹದಿಮೂರೋ. ಆಷಾಢದ ಮಳೆಯಲ್ಲಾದರೆ, ಇನ್ನೂ ಹೆಚ್ಚು.