ಬಟನ್ ಒತ್ತಿದ್ದಕ್ಕೆ ರಾಜೀನಾಮೆ!



2009ರ ಏಪ್ರಿಲ್. ಸ್ಲೊವಾಕಿಯಾ ದೇಶದ ಸಂಸತ್ತು. ಮತದಾನ ನಡೀತಿದೆ. ಒಬ್ಬ ಸಂಸದೆ ತನ್ನ ಪಕ್ಷದ ಇನ್ನೊಬ್ಬ ಸಂಸದೆಯ ಬಟನ್ನನ್ನೂ ತಾನೇ ಒತ್ತಿಬಿಡ್ತಾರೆ. ಸಿಕ್ಕಿಬೀಳ್ತಾರೆ. ಆಮೇಲೇನಾಯ್ತು ಗೊತ್ತಾ? ಸಂಸತ್ ಸ್ಥಾನಕ್ಕೇ ರಾಜೀನಾಮೆ ಕೊಟ್ಟು ಹೊರಗೆ ನಡೆದ್ರು!

ಇವರೇನು ಹಿಂದಿನ ಸಾಲಿನ ಸದಸ್ಯೆ ಅಲ್ಲ. ಹೆಸರು ಇವೆಟಾ ರಾಡಿಚೋವಾ. ಸಮಾಜಶಾಸ್ತ್ರದ ಪ್ರಾಧ್ಯಾಪಕಿ. 1989ರಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಎದ್ದ ಚಳವಳಿಯಲ್ಲಿದ್ದವರು. 2005ರಲ್ಲಿ ಕಾರ್ಮಿಕ ಮತ್ತು ಸಮಾಜ ಕಲ್ಯಾಣ ಸಚಿವೆ. ರಾಜೀನಾಮೆ ಕೊಟ್ಟ ಅದೇ ತಿಂಗಳು ರಾಷ್ಟ್ರಪತಿ ಚುನಾವಣೆಯ ಕೊನೆಯ ಸುತ್ತಿನಲ್ಲಿ ಶೇ. 44ರಷ್ಟು ಮತ ಪಡೆದು ಸೋತಿದ್ದರು.

ಕಥೆ ಮುಗೀತು ಅಂದ್ಕೊಂಡ್ರಾ? ಇಲ್ಲ. 2010ರ ಜುಲೈನಲ್ಲಿ ನಾಲ್ಕು ಪಕ್ಷಗಳ ಮೈತ್ರಿ ಸರ್ಕಾರ ಬಂತು. ಇದೇ ರಾಡಿಚೋವಾ ಸ್ಲೊವಾಕಿಯಾದ ಮೊದಲ ಮಹಿಳಾ ಪ್ರಧಾನಿ ಆದ್ರು.

ಮರುವರ್ಷ ಗ್ರೀಸ್ ಸಾಲದ ಸುಳಿಯಲ್ಲಿ ಮುಳುಗ್ತಿತ್ತು. ಯೂರೋ ಬಳಸುವ 17 ದೇಶಗಳೂ ಒಪ್ಪಿದರೆ ಮಾತ್ರ ರಕ್ಷಣಾ ನಿಧಿ ಬಲಗೊಳ್ಳುತ್ತಿತ್ತು. 16 ದೇಶ ಒಪ್ಪಿದ್ದವು. ಉಳಿದದ್ದು ಸ್ಲೊವಾಕಿಯಾ ಒಂದೇ. ಆದರೆ ಮೈತ್ರಿಯಲ್ಲಿದ್ದ ರಿಚರ್ಡ್ ಸುಲಿಕ್ ಅವರ ಪಕ್ಷ ಹಟ ಹಿಡೀತು. ನಮಗಿಂತ ಸಂಬಳ, ಪಿಂಚಣಿ ಹೆಚ್ಚಿರೋ ದೇಶದ ಸಾಲಕ್ಕೆ ನಾವ್ಯಾಕೆ ಜಾಮೀನು ನಿಲ್ಲಬೇಕು ಅನ್ನೋದು ಅವರ ವಾದ. ಅದನ್ನ ಸುಮ್ನೆ ತಳ್ಳಿಹಾಕೋ ಹಾಗಿಲ್ಲ. ಯಾಕಂದ್ರೆ 2010ರಲ್ಲಿ ಗ್ರೀಸಿಗೆ ನೇರ ಸಾಲ ಕೊಡೋಕೆ ರಾಡಿಚೋವಾ ಸರ್ಕಾರವೇ ಒಪ್ಪಿರಲಿಲ್ಲ.

ಆದ್ರೆ ಈ ಸಲ ಪ್ರಶ್ನೆ ಗ್ರೀಸಿನದ್ದಷ್ಟೇ ಅಲ್ಲ, ಯೂರೋದ್ದು. ರಾಡಿಚೋವಾ ಆ ಮಸೂದೆಯನ್ನ ವಿಶ್ವಾಸಮತಕ್ಕೆ ಗಂಟುಹಾಕಿದ್ರು. ಮಸೂದೆ ಬಿದ್ದರೆ ನಾನೂ ಬೀಳ್ತೀನಿ, ಅಷ್ಟೇ. 2011ರ ಅಕ್ಟೋಬರ್ 11ರಂದು 150 ಸದಸ್ಯರ ಸದನದಲ್ಲಿ ಸಿಕ್ಕಿದ್ದು 55 ಮತ. ಸರ್ಕಾರ ಬಿತ್ತು.

ಎರಡೇ ದಿನದಲ್ಲಿ ಅದೇ ಮಸೂದೆ ಪಾಸಾಯ್ತು! ಕೈ ಎತ್ತಿದವರು ವಿರೋಧ ಪಕ್ಷದ ರಾಬರ್ಟ್ ಫಿಟ್ಸೊ ಕಡೆಯವರು. ಅದಕ್ಕೆ ಬೆಲೆ ಅವಧಿಪೂರ್ವ ಚುನಾವಣೆ. 2012ರ ಮಾರ್ಚ್‌ನಲ್ಲಿ ಫಿಟ್ಸೊ ಪಕ್ಷ ಒಂಟಿಯಾಗಿ 83 ಸ್ಥಾನ ಗೆದ್ದು ಅಧಿಕಾರ ಹಿಡೀತು. ರಾಡಿಚೋವಾ ಪಕ್ಷ ಶೇ. 6ಕ್ಕೆ ಕುಸೀತು. ಅವರು ಸ್ಪರ್ಧಿಸಲೇ ಇಲ್ಲ. ವಾಪಸ್ ಪಾಠ ಮಾಡೋಕೆ ಹೋದ್ರು.

ಪೆದ್ದುತನ ಅಂತೀರಾ? ರಾಜಕೀಯದ ಲೆಕ್ಕದಲ್ಲಿ ಹೌದು. ಎದುರಾಳಿಗೆ ತಟ್ಟೆಯಲ್ಲಿಟ್ಟು ಕುರ್ಚಿ ಕೊಟ್ಟ ಹಾಗೇ ಆಯ್ತು. ಮಸೂದೆಯನ್ನ ವಿಶ್ವಾಸಮತಕ್ಕೆ ಕಟ್ಟದೇ ಇದ್ದಿದ್ದರೆ ಇನ್ನಷ್ಟು ದಿನ ತಳ್ಳಬಹುದಿತ್ತೇನೋ. ಆದ್ರೆ ಒಂದು ಮಾತು ನೆನಪಿಡಿ. ತನ್ನದಲ್ಲದ ಬಟನ್ ಒತ್ತಿದ ತಪ್ಪಿಗೆ ಒಮ್ಮೆ ಬೆಲೆ ಕೊಟ್ಟರು. ತಾನು ಸರಿ ಅಂದುಕೊಂಡ ಮತಕ್ಕೆ ಇನ್ನೊಮ್ಮೆ ಕೊಟ್ಟರು. ಎರಡು ಸಲವೂ ಮತ ಅನ್ನೋದಕ್ಕೆ ಒಂದು ತೂಕ ಇದೆ ಅಂತ ನಂಬಿದ್ರು.

ಕುರ್ಚಿ ಹೋಯ್ತು. ಆ ತೂಕ ಉಳೀತು.