ಬೀಜದ ಗಡಿಗೆ



ಹೆಸರಾಂತ ಎಂ. 35-1 ಜೋಳ 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ರೈತರ ಮಾಲದಂಡಿಯಿಂದಲೇ ಆಯ್ದ ತಳಿ. ಮಂಗಳವೇಢೆಯ ಮಾಲದಂಡಿಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇದನ್ನು ಅಲ್ಲಿಯವರೆಗೆ ಕಾಯ್ದವರು ಯಾರು? ನಮ್ಮ ಅವ್ವಂದಿರು. ನಿಂತ ಬೆಳೆಯಲ್ಲೇ ತುಂಬಿದ ತೆನೆ ಆರಿಸಿ, ಒಣಗಿಸಿ, ಕಾಳಿಗೆ ಬೂದಿ, ಬೇವಿನೆಲೆ ಬೆರೆಸಿ, ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುತ್ತಿದ್ದರು. ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆ ಅವರಿಗೆ ದೇಶೀ ಬೀಜ ಕಾಯ್ದದ್ದಕ್ಕೇ 2020ರ ಪದ್ಮಶ್ರೀ ಬಂತು.

ಸಂಕರ ಬೀಜವನ್ನು ಮರುವರ್ಷ ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ; ಮತ್ತೆ ಅಂಗಡಿಗೇ ಹೋಗಬೇಕು, ಅದೂ ಉದ್ರಿಗೆ! ಮಾಲದಂಡಿಗೆ ಆ ತೊಡಕಿಲ್ಲ. ಬೀಜ ಉಳಿಸುವ, ಹಂಚುವ, ಮಾರುವ ಹಕ್ಕು 2001ರ ಕಾಯ್ದೆಯಲ್ಲಿ ರೈತರಿಗಿದೆ. ಕಂಪನಿಯಂತೆ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ.

ಈ ಸಲ ಸೀತನಿ ತಿನ್ನಲು ಹೊಲಕ್ಕೆ ಹೋದಾಗ, ಎಕರೆಗೆ ನೂರು ಒಳ್ಳೆಯ ತೆನೆಗೆ ದಾರ ಕಟ್ಟಿರಿ. ಅವನ್ನು ಮಾತ್ರ ಸುಡಬೇಡಿರಿ.